ಹೆಗಲ ಮೇಲಿನ ಸವತಿ

ಸವತಿ ಬಂದರೂ ಹೇಗೋ ಸಹಿಸಿಕೊಂಡಾಳು, ಗೂಬೆಯನ್ನು ಹೇಗೆ ಸಹಿಸಿಯಾಳು ಹೇಳಿ? ಗಿರಣಿಯವನ ಹೆಂಡತಿಯ ಹಣೆಬರಹದಲ್ಲಿ ಇದ್ದದ್ದು ಅದೇ.

ಹಿಟ್ಟಿನ ಗಿರಣಿಯ ತಗಡು ಬದಲಿಸುವಾಗ ಸೂರಿನಿಂದ ಗೂಬೆಮರಿಯೊಂದು ಬಿತ್ತು. ಕಣ್ಣೂ ಬಿಡದ ಅದನ್ನು ಗಂಡ ಟವೆಲಿನಲ್ಲಿ ಸುತ್ತಿ ಮನೆಗೆ ತಂದ. ಮಾಂಸ ಕೊಚ್ಚಿ ಬೆರಳ ತುದಿಯಲ್ಲಿ ತಿನ್ನಿಸಿದ. ತನ್ನ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನೋಡದೆ ಉಣ್ಣುವ ಮನುಷ್ಯ, ಅದರ ತುತ್ತಿನಲ್ಲಿ ಮೂಳೆ ಉಳಿದಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡುತ್ತಿದ್ದ! ಗೂಬೆ ಹೊಕ್ಕ ಮನೆ ಹಾಳು ಎಂದು ಪಕ್ಕದ ಮನೆಯಾಕೆ ಹೆದರಿಸಿದಳು. ಇವಳಿಗೆ ಆ ಹೆದರಿಕೆ ಇರಲಿಲ್ಲ. ಇವಳದ್ದು ಶುದ್ಧ ಹೊಟ್ಟೆಕಿಚ್ಚು.

ಕಿಚ್ಚು ಹೊತ್ತಿಸಿದ್ದು ಅವನ ದನಿ. ಗಿರಣಿಯಲ್ಲಿ ಅರಚಾಟ, ಮನೆಯಲ್ಲಿ "ಹೂಂ". ಅವನ ಗಂಟಲಿಗೆ ಗೊತ್ತಿರುವುದು ಇವೆರಡೇ ಎಂದುಕೊಂಡಿದ್ದಳು. ಮಗಳ ಮದುವೆ ಗೊತ್ತಾದಾಗಲೂ ಅವನು ಅಂದದ್ದು "ಹೂಂ". ಈಗ ನೋಡಿದರೆ ಸಂಜೆ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು, ಹೆಗಲೇರಿದ ಗೂಬೆಯ ಜೊತೆ ಮುಗಿಯದ ಮಾತು. ಹೊಲಿಗೆ ಮೆಷಿನ್ ತುಳಿಯುವ ಇವಳಿಗೆ, ದಾರ ಬದಲಿಸುವಾಗ ಮಾತ್ರ ಒಂದೊಂದು ತುಣುಕು ಕಿವಿಗೆ ಬೀಳುತ್ತಿತ್ತು. ಗಿರಣಿಯ ಬೆಲ್ಟ್ ಕಿತ್ತುಹೋಯಿತಂತೆ. ಸೊಂಟ ಹಿಡಿದುಕೊಂಡಿದೆಯಂತೆ. ಸೊಂಟನೋವಿನ ಸುದ್ದಿ ಕಟ್ಟಿಕೊಂಡ ಹೆಂಡತಿಗಿಲ್ಲ, ಗೂಬೆಗೆ! ಅದೂ ಎಂಥ ಮೆತ್ತನೆಯ ದನಿಯಲ್ಲಿ. ಇಂಥದೊಂದು ದನಿ ಅವನಲ್ಲಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಮೆಷಿನ್ನನ್ನು ಇನ್ನೂ ಜೋರಾಗಿ ತುಳಿದಳು.

ವರ್ಷ ತುಂಬುವಷ್ಟರಲ್ಲಿ ಸವತಿಯೂ ಬಾಲ ಬಿಚ್ಚಿತು. ಇವಳು ಗಂಡನ ಹತ್ತಿರ ಸುಳಿದರೆ ಕೊಕ್ಕಿನಿಂದ ಟಕಟಕ ಎನ್ನುತ್ತಿತ್ತು. ಅಟ್ಟದಲ್ಲಿ ಹಿಡಿದ ಇಲಿಯನ್ನು ತಂದು ಅವನ ದಿಂಬಿನ ಮೇಲಿಡುತ್ತಿತ್ತು. ಒಂದು ಸಂಜೆ, ಗಂಡನ ಸೊಂಟಕ್ಕೆ ಎಣ್ಣೆ ತಿಕ್ಕೋಣವೆಂದು ಬಟ್ಟಲು ಹಿಡಿದು ಹೋದವಳ ನೆತ್ತಿಗೆ ಉಗುರು ಹಾಕಿತು. ರಕ್ತ ಹಣೆಗಿಳಿಯಿತು.

"ಈ ಮನೇಲಿ ಅದಿರಬೇಕು, ಇಲ್ಲ ನಾನಿರಬೇಕು. ತೀರ್ಮಾನ ಮಾಡಿ," ಎಂದಳು.

ಅವನು ಗೂಬೆಯನ್ನು ಬುಟ್ಟಿಯಲ್ಲಿಟ್ಟು ಪಶುವೈದ್ಯೆಯ ಬಳಿಗೆ ಹೊರಟ. ಇವಳೂ ನೆತ್ತಿಗೆ ಹತ್ತಿ ಒತ್ತಿಕೊಂಡು ಹಿಂದೆಯೇ ಹೋದಳು. ಗೂಬೆಯನ್ನು ಸಾಕಬಹುದೇ ಎಂದು ಅವನು ಕೇಳಿದ. ವೈದ್ಯೆ ಅದನ್ನು ತಿರುಗಿಸಿ ನೋಡಿ, ನಡೆದದ್ದನ್ನೆಲ್ಲ ಕೇಳಿ, ನಕ್ಕುಬಿಟ್ಟರು.

"ಇದು ಗಂಡು. ಕೈತುತ್ತು ಕೊಟ್ಟು ಬೆಳೆಸಿದ್ರಲ್ಲ, ನಿಮ್ಮನ್ನೇ ತನ್ನ ಹೆಂಡ್ತಿ ಅಂದ್ಕೊಂಡಿದೆ. ಇಲಿ ತಂದ್ಕೊಡೋದು ಅದಕ್ಕೇ. ಇವ್ರನ್ನ ಕಂಡ್ರೆ ಅದಕ್ಕೆ ಹೊಟ್ಟೆಕಿಚ್ಚು."

ಇದು ಸಾಕುವ ಹಕ್ಕಿಯಲ್ಲ, ಹೊರಗೆ ಬಿಟ್ಟರೆ ಮನುಷ್ಯರ ಹೆಗಲನ್ನೇ ಹುಡುಕಿಕೊಂಡು ಹೋಗಿ ಏಟು ತಿನ್ನುತ್ತದೆ, ಹಕ್ಕಿಗಳ ಆಶ್ರಯಧಾಮದಲ್ಲಿ ತನ್ನವರ ಜೊತೆ ಇರಲಿ ಎಂದರು. ಹಾಗೇ ಆಯಿತು.

ಗೆದ್ದವಳು ಆ ಸಂಜೆ ಹುರುಪಿನಿಂದ ಮೆಷಿನ್ ತುಳಿದಳು. ಅವನು ಸ್ಟೂಲಿನ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತ. ಮಾರನೆಯ ದಿನವೂ "ಹೂಂ". ವಾರ ಕಳೆದರೂ ಅದೇ ಹಾಡು. ಗೂಬೆ ತೊಲಗಿದರೂ ಆ ದನಿ ತನ್ನ ಪಾಲಿಗೆ ಬರಲಿಲ್ಲವಲ್ಲ ಎಂದು ಅವಳ ಹೊಟ್ಟೆ ಮತ್ತೆ ಉರಿಯಿತು. ಕೊನೆಗೆ ಕೇಳಿಯೇಬಿಟ್ಟಳು, ಮೆಷಿನ್ ತುಳಿಯುತ್ತಲೇ.

"ಅದರ ಹತ್ರ ಅಷ್ಟೆಲ್ಲ ಹೇಳ್ಕೊಳ್ತಿದ್ರಿ. ನನ್ನ ಹತ್ರ ಹೇಳೋಕೆ ಏನ್ರೀ ಕಷ್ಟ?"

ಅವನ ತುಟಿ ಅಲ್ಲಾಡಿತು. ಅವಳಿಗೇನೂ ಕೇಳಿಸಲಿಲ್ಲ. ಏನೆಂದು ಕೂಗಿ ಕೇಳಿದಳು. ಅವನೂ ಕೂಗಿದ.

"ಹಗಲೆಲ್ಲ ಒಂದು ಮೆಷಿನ್ ಮೇಲೆ ಕಿರುಚ್ತೀನಿ ಕಣೇ. ಮನೆಗೆ ಬಂದ್ರೆ ಇದೊಂದು. ಇದು ನಿಲ್ಲಲಿ ಅಂತ ಎಷ್ಟು ವರ್ಷ ಕಾಯೋದು? ಅದಾದ್ರೆ ಹತ್ರ ಬಂದು ಕೂತ್ಕೊಳ್ತಿತ್ತು."

ಅವಳ ಕಾಲು ನಿಂತಿತು. ಸಂಜೆ ಹೊತ್ತಿನಲ್ಲಿ ಆ ಕೋಣೆ ಅಷ್ಟು ಸುಮ್ಮನಿದ್ದದ್ದನ್ನು ಅವಳು ಕಂಡೇ ಇರಲಿಲ್ಲ. ನಿನ್ನೆ ಮೊನ್ನೆ ಬಂದ ಹಕ್ಕಿಗೆ ತಿಳಿದದ್ದು ತನಗೆ ತಿಳಿಯಲಿಲ್ಲವಲ್ಲ ಎಂದು, ಮನೆಯಲ್ಲಿಲ್ಲದ ಗೂಬೆಯ ಮೇಲೆ ಇನ್ನೊಮ್ಮೆ ಹೊಟ್ಟೆಕಿಚ್ಚುಪಟ್ಟಳು. ಆಮೇಲೆ ತನ್ನ ಸ್ಟೂಲನ್ನು ಎಳೆದುಕೊಂಡು ಹೋಗಿ, ಅವನ ಹೆಗಲಿಗೆ ಹೆಗಲು ತಾಗುವಂತೆ ಕೂತಳು.

"ಇವತ್ತು ಬೆಲ್ಟ್ ಮತ್ತೆ ಕಿತ್ತುಹೋಯ್ತು," ಎಂದ ಅವನು, ಮೆತ್ತಗೆ.