ಪೆನ್ಸಿಲ್ ಇಲ್ಲದ ಬಂಡೆಗಳು

ತುಂಗಭದ್ರಾ ಡ್ಯಾಂನ ಕಾಲುವೆ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ನಕ್ಷೆ ಬರೆದವನು ನಾನು. ತೂಬು ಎಲ್ಲಿದೆ, ಏರಿಯ ಅಗಲ ಎಷ್ಟು, ಕಾಲುವೆ ಎಲ್ಲಿ ತಿರುಗುತ್ತದೆ, ಎಲ್ಲವೂ ನನ್ನ ಕೈಯಿಂದಲೇ ಹಾಳೆಗೆ ಇಳಿಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಎಂಜಿನಿಯರುಗಳು ನನ್ನ ಹಳೆಯ ಹಾಳೆಗಳ ಮುಂದೆ ನಿಂತು, ಗೆರೆ ಎಂದರೆ ಹೀಗಿರಬೇಕು ಎನ್ನುತ್ತಿದ್ದರು. ಆದ್ದರಿಂದ ನಿವೃತ್ತಿಯ ನಂತರ ಜಲವರ್ಣ ಕಲಿಯಲು ಹೊರಟಾಗ ನನಗೆ ಎಳ್ಳಷ್ಟೂ ಅಳುಕು ಇರಲಿಲ್ಲ. ಗೆರೆ ಗೊತ್ತಿದೆ, ಬಣ್ಣ ತುಂಬುವುದೊಂದೇ ಬಾಕಿ ಅಂದುಕೊಂಡಿದ್ದೆ.

ಕಲಿಸಿದವರು ಸಂಡೂರಿನ ಶಾಲೆಯೊಂದರ ಡ್ರಾಯಿಂಗ್ ಟೀಚರ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಭಾನುವಾರ ಬೆಳಿಗ್ಗೆ ಹಂಪಿಗೆ ಬಂದು ಹೊಳೆದಂಡೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದರು. ಕಲಿಯುವವರು ಪಕ್ಕದಲ್ಲಿ ಕೂರಬಹುದಿತ್ತು. ಮೊದಲ ಭಾನುವಾರ ನಾನು ಆಚೆ ದಂಡೆಯ ಬಂಡೆಗಳನ್ನು ಒಂದೂ ಬಿಡದಂತೆ ಪೆನ್ಸಿಲಿನಲ್ಲಿ ಬರೆದು, ಅಂಚು ದಾಟದಂತೆ ಬಣ್ಣ ತುಂಬಿದೆ. ಮೂರು ತಾಸು ಹಿಡಿಯಿತು. ಟೀಚರ್ ಹಾಳೆಯನ್ನು ಎತ್ತಿ ನೋಡಿ, ಕೈ ಬಹಳ ಚೆನ್ನಾಗಿದೆ ಎಂದು ಹೊಗಳಿದರು. ಆಮೇಲೆ ಕೇಳಿದರು:

‘ಖರೇ ಹೇಳ್ರಿ ಸರ್. ಇಷ್ಟೊತ್ತು ಇಲ್ಲಿ ಕುಂತು ನೀವು ಕಲ್ಲು ನೋಡಿದ್ರೋ, ಎಣಿಸಿದ್ರೋ?’

ನಾನು ಎಣಿಸಿಯೇ ಇದ್ದೆ. ನಲವತ್ತೊಂದು.

ಅವರು ನನ್ನ ಪೆನ್ಸಿಲನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. ಅಗಲ ಬ್ರಷ್ಷಿನಿಂದ ಒಂದು ಹಾಳೆಗೆ ಬರೀ ನೀರು ಬಳಿದರು. ಮೂರೇ ಬಣ್ಣ ತಗೊಳ್ಳಿ, ಬೆಳಕು ಬೇಕಾದಲ್ಲಿ ಬಿಳಿ ಹಾಳೆಯನ್ನು ಹಾಗೇ ಬಿಡಿ, ಬಂಡೆಯ ಆಕಾರ ಬೇಡ, ಅದರ ಭಾರ ಮಾತ್ರ ಸಾಕು ಎಂದರು. ನಾನು ಬ್ರಷ್ ಇಟ್ಟ ಕೂಡಲೇ ಕಂದು ನೀಲಿಗೆ ನುಗ್ಗಿತು, ನೀಲಿ ಹಸಿರಿಗೆ ನುಗ್ಗಿತು, ಎಲ್ಲ ಸೇರಿ ರಾಡಿಯಾಯಿತು. ಮುಂದಿನ ಭಾನುವಾರವೂ ರಾಡಿಯೇ. ಆದರೂ ಇದು ನನ್ನಿಂದಾಗದು ಎಂದು ಒಂದು ದಿನವೂ ಅನ್ನಿಸಲಿಲ್ಲ. ಒಮ್ಮೆ ಪಳಗಿದ ಕೈ ಮತ್ತೊಮ್ಮೆ ಪಳಗದೆ ಎಲ್ಲಿಗೆ ಹೋಗುತ್ತದೆ?

ಕಷ್ಟವಿದ್ದದ್ದು ನಮ್ಮ ಬಿಸಿಲಿನಲ್ಲಿ. ಹೊಸಪೇಟೆಯ ಬೇಸಿಗೆಯಲ್ಲಿ ಹಾಳೆಗೆ ಬಳಿದ ನೀರು ಬ್ರಷ್ ಎತ್ತುವುದರೊಳಗೆ ಆರಿಬಿಡುತ್ತದೆ. ಬಣ್ಣ ಹರಿಯಲು ಪುರುಸೊತ್ತೇ ಇರುವುದಿಲ್ಲ. ಮನೆಯಲ್ಲಿ ಅಡುಗೆ ಕಟ್ಟೆಗೆ ಹಾಕಿಸಿ ಉಳಿದಿದ್ದ ಕಡಪ ಕಲ್ಲಿನ ತುಂಡೊಂದಿತ್ತು. ಅದನ್ನು ನೆನೆಸಿ, ಹಾಳೆಯ ಎರಡೂ ಮಗ್ಗುಲು ಒದ್ದೆ ಮಾಡಿ ಅದರ ಮೇಲೆ ಅಂಟಿಸಿದೆ. ಹಾಳೆ ಅರ್ಧ ತಾಸು ಹಸಿಯಾಗಿಯೇ ಉಳಿಯಿತು. ಅಂದು ಮೊದಲ ಬಾರಿಗೆ ಬಣ್ಣ ನಾನು ಹೇಳಿದ ಕಡೆಗೆ ನಡೆಯಿತು. ಟೀಚರ್‌ಗೆ ತೋರಿಸಿದೆ. ಮುಂದಿನ ವಾರ ಅವರ ಚೀಲದಲ್ಲೂ ಒಂದು ಕಲ್ಲಿನ ತುಂಡಿತ್ತು.

ಮಳೆಗಾಲದಲ್ಲಿ ಸಂಡೂರಿಗೆ ಹೋಗಿ ಗುಡ್ಡ ಬರೆದೆ. ಅಡ್ಡಕ್ಕೆ ಒಂದು ದಟ್ಟ ಹಸಿರು, ಅದರೊಳಗೆ ಇಳಿದು ಕದಡಿದ ಅದಿರಿನ ಕೆಂಪು, ಮಧ್ಯೆ ಮೋಡ ಕೂತಲ್ಲಿ ಖಾಲಿ ಹಾಳೆ. ಅಷ್ಟೇ. ಬರೆದು ಮುಗಿದಾಗಲೇ ಇದು ಆಯಿತು ಎಂದು ನನಗೆ ಗೊತ್ತಾಯಿತು.

ಆ ಚಿತ್ರವನ್ನು ಎಮ್ಮಿಗನೂರಿನ ಅಕ್ಕನಿಗೆ ತೋರಿಸಲು ಒಯ್ದೆ. ಭತ್ತದ ಗದ್ದೆಯಲ್ಲೇ ಬಾಳು ಸವೆಸಿದವಳು. ಎರಡೂ ಕಣ್ಣಿಗೆ ಪೊರೆ ಬಂದು, ಮುಂದಿನ ವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಹಾಳೆಯನ್ನು ಮುಖದ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

‘ಸಂಡೂರು ಗುಡ್ಡ ಅಲ್ಲೇನೋ ಇದು? ಮಳಿ ಬಂದು ಈಗ ನಿಂತೈತಿ.’

ನನ್ನ ಎದೆಯುಬ್ಬಿತು. ಅವಳು ಹಾಳೆ ಕೊಡುತ್ತಾ, ‘ನನಗ ಈಗ ಎಲ್ಲಾ ಹಿಂಗ ಕಾಣತೈತಿ ನೋಡು’ ಎಂದಳು. ಸಂತೋಷವೂ ಸಂಕಟವೂ ಒಟ್ಟಿಗೇ ಆಯಿತು. ಚಿತ್ರವನ್ನು ಅವಳ ಮನೆಯಲ್ಲೇ ಬಿಟ್ಟು ಬಂದೆ.

ಆಪರೇಷನ್ ಚೆನ್ನಾಗಿ ಆಯಿತು. ಒಂದರ ನಂತರ ಒಂದು, ಎರಡು ಕಣ್ಣೂ ತಿಳಿಯಾದವು. ನಾನು ಮತ್ತೆ ಹೋದಾಗ ಕರಿ ಕನ್ನಡಕ ಹಾಕಿಕೊಂಡು ಗೋಡೆಯ ಬಿರುಕು, ಸೊಸೆಯ ಸೀರೆಯ ಅಂಚು, ನನ್ನ ಬೋಳುತಲೆ ಎಲ್ಲದರ ಬಗ್ಗೆ ಮಾತಾಡಿದಳು. ಕೊನೆಗೆ ಆ ಹಾಳೆ ತಂದು, ಇದರಲ್ಲಿ ಗಿಡವಿಲ್ಲ, ದಾರಿಯಿಲ್ಲ, ಅರ್ಧಕ್ಕೇ ಬಿಟ್ಟಿದ್ದೀಯಲ್ಲ ಎಂದು ತಕರಾರು ತೆಗೆದಳು. ಮೊದಲಿನ ನಾನಾಗಿದ್ದರೆ ಗಿಡ ಬರೆದು ಕೊಡುತ್ತಿದ್ದೆನೇನೋ.

‘ಮುಗದೈತಿ ಅಕ್ಕ. ಇದು ಇಷ್ಟೇ,’ ಎಂದೆ.

ಅವಳು ಒಪ್ಪಲಿಲ್ಲ. ಹಾಗಾದರೆ ತನ್ನ ಕಣ್ಣೆದುರಿಗೇ ಒಂದು ಬರೆದು ತೋರಿಸು ಎಂದಳು. ಇಬ್ಬರೂ ಗದ್ದೆಯ ಬದುವಿಗೆ ಹೋಗಿ ಕೂತೆವು. ನಾಟಿಯಾಗಿ ನಾಲ್ಕು ದಿನವಾಗಿತ್ತು; ನೀರಿನಲ್ಲಿ ಆಕಾಶ, ಆಕಾಶದ ಮೇಲೆ ತೆಳು ಹಸಿರು. ನಾನು ಹಾಳೆ ನೆನೆಸಿ ಬಣ್ಣ ಬಿಟ್ಟೆ. ಅದು ತಾನೇ ಹಬ್ಬುವುದನ್ನು ಅಕ್ಕ ಬಗ್ಗಿ ನೋಡಿದಳು. ಹಸಿರು ಬದುವಿನ ತನಕ ಹರಿದು ನಿಂತಾಗ ನಾನು ಇನ್ನೊಮ್ಮೆ ಬ್ರಷ್ ಅದ್ದಿದೆ. ಅವಳು ನನ್ನ ಮೊಣಕೈ ಹಿಡಿದಳು.

‘ಸಾಕು ಬಿಡು. ಇನ್ನ ಹಚ್ಚಿದರ ಕೆಡತೈತಿ.’

ಬ್ರಷ್ ಕೆಳಗಿಟ್ಟೆ. ಅವಳು ಹೇಳಿದ್ದೇ ಸರಿಯಾಗಿತ್ತು.

ಆ ಚಿತ್ರಕ್ಕೆ ಅವಳೇ ಕಂಪ್ಲಿಯಲ್ಲಿ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ಮನೆಗೆ ಬಂದವರು ಇದೇನು ಎಂದು ಕೇಳಿದರೆ, ನಮ್ಮ ಗದ್ದಿ, ಕಾಣಲ್ಲೇನು ಎಂದು ಹೇಳಿ ಚಹಾ ತರಲು ಒಳಗೆ ಹೋಗುತ್ತಾಳೆ.