ಗಟ್ಟಿ ದನಿಯ ಸಂದೇಶಗಳು

೨೦೦೬ರಲ್ಲಿ ಕೋಲ್ಕತ್ತದ ಒಂದು ಸಣ್ಣ ಕಂಪನಿಯ ಧ್ವನಿಸಂದೇಶ ಸೇವೆಯಲ್ಲಿ ಜೋರಾಗಿ ಮಾತಾಡುವವರ ಸಂದೇಶಗಳು ನಡುವೆಯೇ ತುಂಡಾಗುತ್ತಿದ್ದವು. ಆ ಕಂಪನಿಯಲ್ಲಿ ನಾನಿದ್ದೆ. ಇವತ್ತು ಬಸ್ಸಿನಲ್ಲಿ ಒಬ್ಬರು ಮೊಬೈಲಿನಲ್ಲಿ ಕೂಗುತ್ತಿದ್ದರು. ಪಕ್ಕದವರು ಮುಖ ಸಿಂಡರಿಸಿದರು, ನನಗೆ ಐತಾಳರು ನೆನಪಾದರು.

ಕೋಲ್ಕತ್ತದ ಜಾದವ್‌ಪುರದಲ್ಲಿ ಐತಾಳರದು ನನ್ನ ಎದುರಿನ ಕೋಣೆ. ಕುಂದಾಪುರದ ಕಡೆಯವರು, ಬ್ಯಾಂಕಿನವರು. ಹೆಂಡತಿ, ಮಗಳು ಊರಿನಲ್ಲಿ. ಟ್ರಂಕ್ ಕಾಲ್ ಕಾಲದ ಅಭ್ಯಾಸ ನಿಮಗೂ ಗೊತ್ತಿರಬಹುದು: ಊರು ದೂರವಾದಷ್ಟೂ ದನಿ ಏರಬೇಕು. ಕೆಳಗಿನ ಚಹಾದಂಗಡಿಯವನು, "ದಾದಾ, ಫೋನ್ ದಂಡ. ಕಿಟಕಿ ತೆಗೆದರೆ ಸಾಕು" ಎನ್ನುತ್ತಿದ್ದ.

ಅವರು ಬ್ಯಾಂಕಿನಿಂದ ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ನಮ್ಮ ಸೇವೆಯಲ್ಲಿ ಇಲ್ಲಿ ಹೇಳಿಟ್ಟ ಮಾತು ಮಂಗಳೂರಿನ ಯಂತ್ರಕ್ಕೆ ಹೋಗಿ ಕೂರುತ್ತಿತ್ತು, ಬೆಳಿಗ್ಗೆ ಮನೆಯವರು ಅಲ್ಲಿಗೆ ಫೋನ್ ಮಾಡಿ ಕೇಳಬಹುದಿತ್ತು. ನಾನೇ ಅದನ್ನು ಹೊಗಳಿ ಐತಾಳರನ್ನು ಸೇರಿಸಿದೆ. ದಿನಕ್ಕೊಂದು ಕಥೆ ಹೇಳತೊಡಗಿದರು.

ಒಂದು ಭಾನುವಾರ ಬಾಗಿಲಿಗೆ ಬಂದರು. "ಅಲ್ಲ ಮಾರಾಯ್ರೆ, ನಾನ್ ಕಥಿ ಇಡೀ ಹೇಳ್ತೆ. ಅಲ್ಲಿಗೆ 'ಹಲೋ ಪುಟ್ಟಿ' ಅಷ್ಟೇ ಹೋತಂಬ್ರ್. ಅಪ್ಪಯ್ಯಂಗೆ ನನ್ ಹತ್ರ ಮಾತಾಡೂಕೆ ಮನಸಿಲ್ಲ ಅಂತಳಂಬ್ರ್."

ನಾನು ನಂಬಲಿಲ್ಲ. ಪರೀಕ್ಷೆಯ ಸಂದೇಶಗಳೆಲ್ಲ ಪೂರ್ತಿ ತಲುಪಿದ್ದವು. ಕಳಿಸಲು ಬೇರೆ ಯಾರೂ ಇಲ್ಲದ್ದರಿಂದ ಅವನ್ನು ನನಗೇ ಕಳಿಸಿಕೊಂಡಿದ್ದೆ. ತನಗೆ ತಾನೇ ಮಾತಾಡಿಕೊಳ್ಳುವವನು ಕೂಗುವುದಿಲ್ಲ.

ತಪ್ಪು ಅಲ್ಲೇ ಅಡಗಿತ್ತು. ದೂರದ ಯಂತ್ರವನ್ನು ಕರೆಯುವ ಪ್ರೋಗ್ರಾಮಿಗೆ ನಾವು ಧ್ವನಿಯನ್ನು 'ಪಠ್ಯ' ಎಂದು ಒಪ್ಪಿಸಿದ್ದೆವು. ಪಠ್ಯದಲ್ಲಿ ಸೊನ್ನೆಯ ಬೈಟ್ ಬಂದರೆ ಮುಗಿಯಿತು ಎಂದರ್ಥ. ನಾವು ಬಳಸಿದ ಧ್ವನಿಯ ಸಂಕೇತದಲ್ಲಿ ದನಿ ತಾರಕಕ್ಕೆ ಹೋದಾಗ ಬರುವುದೂ ಸೊನ್ನೆಯೇ. ಮೆಲುದನಿಯವರು ಪಾರಾದರು, ಐತಾಳರು ಮೊದಲ ಕೂಗಿಗೇ ನಿಂತರು. 'ಬೈನರಿ' ಎಂದು ಘೋಷಿಸಿ ಉದ್ದವನ್ನು ಮೊದಲೇ ತಿಳಿಸಿದರೆ, ಯಂತ್ರ ಒಳಗೇನಿದೆ ಎಂದು ನೋಡದೆ ಅಷ್ಟನ್ನೂ ಮುಟ್ಟಿಸುತ್ತದೆ. ಹಾಗೆ ತಿದ್ದಿದೆವು. ಹಳೆಯ ಕಥೆಗಳ ಉಳಿದ ಭಾಗ ಎಲ್ಲೂ ಉಳಿದಿರಲಿಲ್ಲ.

"ಮೆಲ್ಲಗೆ ಹೇಳ್ಕಾ?" ಎಂದರು ಐತಾಳರು.

"ಬೇಡ, ನಿಮ್ಮ ಹಾಗೇ ಹೇಳಿ."

ಹೇಳಿದರು. ಕಥೆ ಕೊನೆಯವರೆಗೂ ಹೋಯಿತು. ಮಂಗಳೂರಿನಲ್ಲಿ ಇಳಿದದ್ದನ್ನು ನಾನೇ ಪರದೆಯ ಮೇಲೆ ನೋಡಿದೆ. ಯಾರಾದರೂ ಅದನ್ನು ಕೇಳಿದರೆ ಅದೂ ಅಲ್ಲೇ ಕಾಣುತ್ತಿತ್ತು. ಮಾರನೆಯ ಬೆಳಿಗ್ಗೆ ಐತಾಳರು ಬ್ಯಾಂಕಿಗೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ಮಗಳು ನಾಳೆ ಕೇಳಬಹುದು ಎಂದೆ. ಮರುದಿನವೂ ಅದನ್ನೇ ಹೇಳಿದೆ.

ಮರುವರ್ಷ ಕಂಪನಿ ಆ ಸೇವೆಯನ್ನು ಮುಚ್ಚಿತು. ಆ ದಿನವೂ ಆ ಸಂದೇಶದ ಮುಂದೆ 'ಕೇಳಿಲ್ಲ' ಎಂದಿತ್ತು.