ಏಳು ಪಾಯಿಂಟ್ ಎರಡು ಅಂದರೆ ಎಷ್ಟು?

ಎಣ್ಣೆಯನ್ನು ಗಟ್ಟಿ ಮಾಡಿ ಡಬ್ಬಕ್ಕೆ ತುಂಬುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪ್ಯಾನೆಲಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಡಬ್ಬಗಳಿಗೆ ಲೇಬಲ್ ಅಂಟಿಸುತ್ತಿದ್ದವಳು. ಕೈಗಂಟಿದ ಗೋಂದನ್ನು ಉಜ್ಜಿ ಉಜ್ಜಿ ಬೆರಳ ತುದಿ ಸುಲಿದುಹೋಗುತ್ತಿತ್ತು. ಅಲ್ಲಿಂದ ಮಹಡಿಯ ಗಾಜಿನ ಕೋಣೆಗೆ, ಪ್ಯಾನೆಲ್ಲಿನ ಮುಂದಿನ ಕುರ್ಚಿಗೆ ಬರುವಷ್ಟರಲ್ಲಿ ಅರ್ಧ ತಲೆ ನರೆತಿತ್ತು. ಆ ಕುರ್ಚಿ ಎಂದರೆ ಅವಳಿಗೆ ಪ್ರಾಣ. ಅದರ ಒಂದು ಚಕ್ರ ಕಿರುಗುಟ್ಟುತ್ತಿದ್ದರೂ ಬದಲಾಯಿಸಲು ಬಿಟ್ಟಿರಲಿಲ್ಲ.

ಬಿಸಿ ಎಣ್ಣೆಯ ತೊಟ್ಟಿಯೊಳಗೆ ಅದನ್ನು ಗಟ್ಟಿ ಮಾಡುವ ಹೈಡ್ರೋಜನ್ ಅನಿಲ ಎಷ್ಟು ಹೋಗುತ್ತಿದೆ ಎಂದು ನೋಡುವುದು, ಹೆಚ್ಚು ಕಡಿಮೆಯಾದರೆ ಕೆಳಗೆ ವಾಲ್ವಿನ ಮಾವನಿಗೆ ಫೋನ್ ಮಾಡುವುದು ಅವಳ ಕೆಲಸ. ವಾಲ್ವು ತಿರುಗಿಸುವ ಆ ಹಿರಿಯ ಯಾರಿಗೂ ಸಂಬಂಧದಲ್ಲಿ ಮಾವನಲ್ಲ. ಬೈದೇ ಮಾತಾಡಿಸುತ್ತಿದ್ದುದರಿಂದ ಎಲ್ಲರಿಗೂ ಮಾವನಾಗಿದ್ದ. ಮೇಲೊಂದು, ಕೆಳಗೊಂದು ಡಯಲು ಇದ್ದವು. "ನೂರಿಪ್ಪತ್ತಕ್ಕಿಡು ಮಾವ" ಎಂದರೆ ಎರಡರ ಮುಳ್ಳೂ ನೂರಿಪ್ಪತ್ತಕ್ಕೆ ಬಂದು ನಿಲ್ಲುತ್ತಿತ್ತು. ಏನು ನೂರಿಪ್ಪತ್ತು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಆ ಕಾರ್ಖಾನೆಯಲ್ಲಿ ಅಂಕಿ ಹೇಳಿದರೆ ಮಾತು ಮುಗಿಯಿತು.

ಆಮೇಲೆ ಮೇಲಿನ ಡಯಲನ್ನು ಮಾತ್ರ ಕಿತ್ತು ಪರದೆ ಹಾಕಿದರು. ಹೊಸ ಇಂಜಿನಿಯರು ಬಂದು ಪಾಠ ಮಾಡಿದ. "ಮೋಲ್ ಅಂದ್ರೆ ಡಜನ್ ಇದ್ದ ಹಾಗೆ, ಕಣಗಳನ್ನ ಎಣಿಸೋ ಒಂದು ದೊಡ್ಡ ಕಟ್ಟು. ಸಾವಿರ ಮೋಲ್ ಸೇರಿದ್ರೆ ಒಂದು ಕಿಲೋಮೋಲ್. ಸೆಕೆಂಡಿಗೆ ಎರಡು ಮೋಲ್ ಅಂದ್ರೂ, ಗಂಟೆಗೆ ಏಳು ಪಾಯಿಂಟ್ ಎರಡು ಕಿಲೋಮೋಲ್ ಅಂದ್ರೂ ಒಂದೇ. ಈ ಪರದೆ ಗಂಟೆ ಲೆಕ್ಕದಲ್ಲಿ ತೋರಿಸುತ್ತೆ."

ಎಲ್ಲರೂ ತಲೆಯಾಡಿಸಿದರು, ಅವಳೂ ಆಡಿಸಿದಳು. ತಲೆಗೆ ಮಾತ್ರ ಏನೂ ಹತ್ತಲಿಲ್ಲ. ಸೆಕೆಂಡಿನಿಂದ ಗಂಟೆಗೆ ಹೋದರೆ ಅಂಕಿ ದೊಡ್ಡದಾಗಬೇಕು. ಮೋಲಿನಿಂದ ಕಿಲೋಮೋಲಿಗೆ ಹೋದರೆ ಚಿಕ್ಕದಾಗಬೇಕು. ಹಾಗಾದರೆ ಕೊನೆಗೆ ಏನಾಗಬೇಕು? ಮನೆಯಲ್ಲಿ ಅನ್ನ ತಳ ಹತ್ತಿದ್ದೂ ಗೊತ್ತಾಗಲಿಲ್ಲ.

"ಗುಣಿಸ್ಬೇಕೋ ಭಾಗಿಸ್ಬೇಕೋ ತಿಳೀತಿಲ್ಲ ಕಣ್ರಿ" ಎಂದಳು ಗಂಡನಿಗೆ. ಅವನು ದರ್ಜಿ. ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು, "ಎರಡೂ ಮಾಡಿಬಿಡು" ಎಂದು ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಪಾಪ, ಅದೇ ಸರಿಯಾದ ಉತ್ತರ ಎಂದು ಹೇಳಿದವನಿಗೂ ಗೊತ್ತಿರಲಿಲ್ಲ.

ಇಂಜಿನಿಯರನ ಮಾತು ಖಡಾಖಂಡಿತವಾಗಿತ್ತು. ಹೊಸ ಪರದೆಯಲ್ಲಿ ಏಳು ಪಾಯಿಂಟ್ ಎರಡು ಬರುವಂತೆ ನೋಡಿಕೊಂಡು ಒಂದು ತೊಟ್ಟಿ ಎಣ್ಣೆಯನ್ನು ಗಟ್ಟಿ ಮಾಡಿಸಬೇಕು. ಆಗದಿದ್ದರೆ ಕುರ್ಚಿ ಬೇರೆಯವರಿಗೆ, ಅವಳು ಮತ್ತೆ ಗೋಂದಿಗೆ.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಫೋನೆತ್ತಿ, "ಏಳು ಪಾಯಿಂಟ್ ಎರಡಕ್ಕಿಡು ಮಾವ" ಎಂದಳು. ಪರದೆಯ ಮೇಲೆ ಸೊನ್ನೆ ಪಾಯಿಂಟ್ ನಾಲ್ಕು ಮೂರು ಎಂದು ಬಂತು.

"ಮಾವ, ಏಳು ಪಾಯಿಂಟ್ ಎರಡು ಅಂದೆ."

"ಅಲ್ಲೇ ಇಟ್ಟಿದೀನಲ್ಲಮ್ಮ."

"ಇಲ್ಲಿ ಅರ್ಧವೂ ತೋರಿಸ್ತಿಲ್ಲ."

"ನಿನ್ನ ಪರದೆಗೆ ಕಣ್ಣು ಕಾಣ್ಸಲ್ಲ ಅಂದ್ರೆ ನಾನೇನು ಮಾಡ್ಲಿ? ಮುಳ್ಳು ಏಳರ ಮೇಲೇ ಕೂತಿದೆ."

ಪರದೆ ಕೆಟ್ಟಿದೆಯೋ, ಮಾವನ ಕನ್ನಡಕ ಕೆಟ್ಟಿದೆಯೋ, ತನ್ನ ತಲೆಯೇ ಕೆಟ್ಟಿದೆಯೋ ಅವಳಿಗೆ ತಿಳಿಯಲಿಲ್ಲ. ಕಾದಳು. ಮಾದರಿಗೆಂದು ತಂದುಕೊಟ್ಟ ಎಣ್ಣೆ ಬಟ್ಟಲಿನಲ್ಲಿ ನೀರಿನಂತೆ ಅಲುಗಾಡುತ್ತಿತ್ತು. ಪಕ್ಕದ ಪ್ಯಾನೆಲ್ಲಿನವನಿಗೆ ಪರದೆ ನೋಡಿಕೊಳ್ಳಲು ಹೇಳಿ ತಾನೇ ಕೆಳಗಿಳಿದಳು.

ಮಾವ ಹೇಳಿದ್ದು ನಿಜ. ಮುಳ್ಳು ಏಳರ ಮೇಲಿತ್ತು. ಸೆರಗಿನಿಂದ ಡಯಲಿನ ಜಿಡ್ಡು ಒರೆಸಿದಾಗ ಕೆಳಗೆ ಸಣ್ಣ ಅಕ್ಷರ ಕಂಡಿತು: ನಿಮಿಷಕ್ಕೆ ಮೋಲ್. ಅವಳು ಅಲ್ಲೇ ನಿಂತು ಬೆರಳು ಮಡಚಿದಳು. ಏಳು ಪಾಯಿಂಟ್ ಎರಡು ಕಿಲೋ ಅಂದರೆ ಏಳು ಸಾವಿರದ ಇನ್ನೂರು. ಅದು ಗಂಟೆಗೆ. ಗಂಟೆಗೆ ಅರವತ್ತು ನಿಮಿಷ, ಅರವತ್ತರಿಂದ ಭಾಗಿಸಿದರೆ...

"ಮಾವ, ನಮ್ಮ ಹಳೇ ನೂರಿಪ್ಪತ್ತಕ್ಕೇ ಇಡು."

"ಅದನ್ನ ಮೊದಲೇ ಬೊಗಳಬಾರ್ದಿತ್ತಾ" ಎಂದು ಗೊಣಗುತ್ತ ಅವನು ವಾಲ್ವು ತಿರುಗಿಸಿದ. ಮೇಲೆ ಬಂದು ನೋಡಿದರೆ ಪರದೆಯಲ್ಲಿ ಏಳು ಪಾಯಿಂಟ್ ಎರಡು ಬಂದಿತ್ತು. ಅದನ್ನು ನೋಡಿಯೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಸಂಜೆ ಇಂಜಿನಿಯರು ಬಂದ. "ಯಾಕೆ ಇಷ್ಟು ತಡ ಆಯ್ತು?"

"ಬರೀ ಅಂಕಿ ಹೇಳಿದೆ ಸರ್. ಯಾವ ಲೆಕ್ಕದ್ದು ಅಂತ ಹೇಳ್ಲಿಲ್ಲ. ತಪ್ಪು ನಂದೇ."

ಅವನು ಮಾದರಿಯ ಚೂರೊಂದನ್ನು ಬೆರಳಲ್ಲಿ ಒತ್ತಿ ನೋಡಿದ. ಗಟ್ಟಿಯಾಗಿತ್ತು. "ಸರಿ, ಕುರ್ಚಿ ನಿಮ್ಗೇ ಇರ್ಲಿ, ಇನ್ನೊಂದು ಮೂರು ನೋಡೋಣ" ಎಂದವನೇ ಹೊರಟ.

ಅವಳು ಅಭ್ಯಾಸಬಲದಿಂದ ತಲೆಯಾಡಿಸಿದಳು. ಮೂರು. ಮೂರು ಪಾಳಿಯೋ, ವಾರವೋ, ತಿಂಗಳೋ? ಬೇರೆ ದಿನವಾಗಿದ್ದರೆ ಮನೆಗೆ ಹೋಗಿ ನಿದ್ದೆಗೆಟ್ಟು ಯೋಚಿಸುತ್ತಿದ್ದಳು. ಇವತ್ತು ಎದ್ದು ಮೆಟ್ಟಿಲ ತನಕ ಓಡಿದಳು.

"ಸರ್, ಮೂರು ಏನು?"

ಅವನು ಕಂಬಿ ಹಿಡಿದು ನಿಂತ. ಈ ಕಾರ್ಖಾನೆಯ ಗಾಳಿ ಅವನಿಗೂ ಸೋಕಿತ್ತೋ ಏನೋ. "ಪಾಳಿ ಅಂತಿದ್ದೆ" ಎಂದ. ಏದುಸಿರು ಬಿಡುತ್ತಿದ್ದ ಅವಳ ಮುಖ ನೋಡಿ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ ಬಂದ. "ತಿಂಗಳು ಅಂತಿಟ್ಕೊಳ್ಳಿ."

ಕೋಣೆಗೆ ಮರಳಿ ಅವಳು ಕಿರುಗುಟ್ಟುವ ಕುರ್ಚಿಯ ಮೇಲೆ ಕೂತಳು. ಅಂಕಿ ಅದೇ ಮೂರು, ಪಾಳಿ ಹೋಗಿ ತಿಂಗಳಾಗಿತ್ತು. ಅವಳಿಗೆ ಅಳು ಬಂದುಬಿಟ್ಟಿತು.